ಚಂದ್ರನ ಮೇಲಿನ ಅಜ್ಜ

2015ರ ನವೆಂಬರ್ 9, ಸೋಮವಾರ. ಊರಿನಲ್ಲಿ ಅವತ್ತು ನೀರು ತುಂಬುವ ಹಬ್ಬ. ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ಬಚ್ಚಲಿನ ಹಂಡೆ ತಿಕ್ಕಿ, ಹಿಂಡಲೆಕಾಯಿ ಬಳ್ಳಿ ಸುತ್ತಿ, ನೀರು ತುಂಬಿಸಿ ಮಲಗಿರುತ್ತಾಳೆ ಅಂತ ಅಂದುಕೊಳ್ಳುತ್ತಾ ನಾನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಚಹಾ ಬಟ್ಟಲುಗಳನ್ನು ಜೋಡಿಸುತ್ತಿದ್ದೆ. ವಯಸ್ಸಾದವರ ಕೇರ್ ಹೋಮ್ ಒಂದರಲ್ಲಿ ನನಗೆ ಕೆಲಸ. ಅವತ್ತು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಶಿಫ್ಟ್.

ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಅವರಿಗೂ ಅದೇ ಇಷ್ಟ. ಎಂಬತ್ತು, ತೊಂಬತ್ತು ದಾಟಿದವರನ್ನು ಬರೀ ಹೆಸರಿನಿಂದ ಕೂಗುವುದು ನನಗೆ ಕೊನೆಗೂ ರೂಢಿಯಾಗಲಿಲ್ಲ. ಬಾಯಲ್ಲಿ ಹೆಸರು, ಮನಸ್ಸಿನಲ್ಲಿ ಅಜ್ಜ, ಅಜ್ಜಿ. ಇಲ್ಲೂ ಹಾಗೇ ಬರೆಯುತ್ತೇನೆ.

ನಮ್ಮ ಟಿವಿ ಕೋಣೆ ದೊಡ್ಡದು. ಗೋಡೆಗೆ ಒತ್ತಿಕೊಂಡು ಸುತ್ತ ಎತ್ತರದ ಬೆನ್ನಿನ ಕುರ್ಚಿಗಳು. ಎಲ್ಲರ ಮುಖ ಟಿವಿ ಕಡೆಗೆ, ಯಾರ ಮುಖವೂ ಇನ್ನೊಬ್ಬರ ಕಡೆಗಿಲ್ಲ. ಸಂಜೆಯ ಊಟ ಮುಗಿದ ಮೇಲೆ ಏಳೆಂಟು ಜನ ಬಂದು ಕೂರುತ್ತಿದ್ದರು. ಮಾತು ಬಹಳ ಕಡಿಮೆ. ಆ ಮೌನ ನನಗೆ ಮೊದಮೊದಲು ತುಂಬಾ ಹಿಂಸೆಯಾಗುತ್ತಿತ್ತು. ನಮ್ಮಲ್ಲಿ ಹತ್ತು ಜನ ಹಿರಿಯರು ಒಂದು ಜಗಲಿ ಮೇಲೆ ಕೂತರೆ ಮಾತಿಗೆ ಬರವೇ ಇಲ್ಲ, ಅಲ್ವಾ?

ಬಿಬಿಸಿಯಲ್ಲಿ ಜಾಹೀರಾತು ಬರುವುದಿಲ್ಲ. ಆದರೆ ಆಗ ಸೋಮವಾರ ಏಳೂವರೆಗೆ ಐಟಿವಿಯಲ್ಲಿ 'ಕೊರೊನೇಷನ್ ಸ್ಟ್ರೀಟ್' ಧಾರಾವಾಹಿ ಬರುತ್ತಿತ್ತು. 1960ರಿಂದ ನಡೆಯುತ್ತಿದೆ ಅದು. ಅದನ್ನು ತಪ್ಪಿಸುವಂತಿರಲಿಲ್ಲ. ಹಾಗಾಗಿ ಜಾಹೀರಾತೂ ನಮ್ಮ ಕೋಣೆಗೆ ಬಂತು.

ಬ್ರಿಟನ್ನಿನಲ್ಲಿ ಕ್ರಿಸ್ಮಸ್ ಜಾಹೀರಾತು ಅಂದರೆ ಸಣ್ಣ ವಿಷಯವಲ್ಲ. ನವೆಂಬರ್ ಮೊದಲ ವಾರದಿಂದಲೇ ದೊಡ್ಡ ಅಂಗಡಿಗಳೆಲ್ಲ ಒಂದೊಂದು ಪುಟ್ಟ ಕಥೆ ಮಾಡಿ ಬಿಡುತ್ತವೆ. ನಮ್ಮಲ್ಲಿ ದೊಡ್ಡ ಹೀರೋ ಸಿನಿಮಾ ಬಿಡುಗಡೆಯಾದಾಗ ಬರೆದ ಹಾಗೆ ಪತ್ರಿಕೆಗಳು ಬರೆಯುತ್ತವೆ. ಬಸ್‌ಸ್ಟಾಪಿನಲ್ಲಿ ಜನ ಮಾತಾಡುತ್ತಾರೆ. ಜಾನ್ ಲೂಯಿಸ್ ಎಂಬ ಅಂಗಡಿಯದ್ದಕ್ಕೆ ಎಲ್ಲರೂ ಕಾಯುತ್ತಾರೆ. 2007ರಿಂದ ಪ್ರತಿ ವರ್ಷ ಮಾಡುತ್ತಾ ಬಂದಿದ್ದಾರೆ. 2011ರಲ್ಲಿ ಒಬ್ಬ ಹುಡುಗ ಹಬ್ಬ ಯಾವಾಗ ಬರುತ್ತದೋ ಅಂತ ಚಡಪಡಿಸುತ್ತಿದ್ದ. ತನಗೆ ಬರುವ ಉಡುಗೊರೆಗಾಗಿ ಅಲ್ಲ, ಅಪ್ಪ ಅಮ್ಮನಿಗೆ ತಾನು ಕೊಡಬೇಕಾದ್ದಕ್ಕಾಗಿ. 2014ರಲ್ಲಿ ಪೆಂಗ್ವಿನ್ ಬಂತು. ಆಮೇಲೆ 2015ರ ನವೆಂಬರ್ 6ಕ್ಕೆ ಈ ಚಂದ್ರನ ಮೇಲಿನ ಅಜ್ಜ.

ಕಥೆ ಇಷ್ಟೇ. ಒಬ್ಬ ಪುಟ್ಟ ಹುಡುಗಿ ದೂರದರ್ಶಕದಲ್ಲಿ ಚಂದ್ರನನ್ನು ನೋಡುತ್ತಾಳೆ. ಅಲ್ಲೊಂದು ಗುಡಿಸಲು, ಒಬ್ಬನೇ ಅಜ್ಜ. ಹುಡುಗಿ ಕೈ ಬೀಸುತ್ತಾಳೆ, ಅವನಿಗೆ ಕಾಣದು. ಪತ್ರ ಬರೆದು ತೋರಿಸುತ್ತಾಳೆ, ಬಾಣ ಬಿಡುತ್ತಾಳೆ, ಕಾಗದದ ವಿಮಾನ ಹಾರಿಸುತ್ತಾಳೆ. ಯಾವುದೂ ತಲುಪುವುದಿಲ್ಲ. ಕ್ರಿಸ್ಮಸ್ ದಿನ ಬಲೂನು ಕಟ್ಟಿದ ಒಂದು ಪೊಟ್ಟಣ ಅವನ ಮುಂದೆ ಇಳಿಯುತ್ತದೆ. ಒಳಗೆ ಒಂದು ದೂರದರ್ಶಕ. ಅವನು ಕಣ್ಣಿಗಿಟ್ಟು ಭೂಮಿಯನ್ನು ಹುಡುಕುತ್ತಾನೆ, ಅವಳು ಸಿಗುತ್ತಾಳೆ. ಕಣ್ಣು ಒದ್ದೆಯಾಗುತ್ತದೆ. ಈ ಕ್ರಿಸ್ಮಸ್‌ಗೆ ಯಾರಿಗಾದರೂ ಅವರ ಮೇಲೆ ಪ್ರೀತಿ ಇದೆ ಅಂತ ತೋರಿಸಿ, ಎಂಬ ಸಾಲಿನೊಂದಿಗೆ ಮುಗಿಯುತ್ತದೆ. ವೃದ್ಧರಿಗಾಗಿ ಕೆಲಸ ಮಾಡುವ 'ಏಜ್ ಯುಕೆ' ಸಂಸ್ಥೆಯ ಜೊತೆ ಸೇರಿ ಮಾಡಿದ್ದು ಅದು.

ನಾನು ಟ್ರೇ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಗಂಟಲು ಕಟ್ಟಿತು. ಈ ಜಾಹೀರಾತನ್ನು ಯಾರ ಬಗ್ಗೆ ಮಾಡಿದ್ದರೋ ಅವರೇ ನನ್ನ ಮುಂದೆ ಸಾಲಾಗಿ ಕೂತಿದ್ದರು.

ಕಿಟಕಿ ಪಕ್ಕದ ಅಜ್ಜಿ ಬಿಕ್ಕಿದರು. ಅವರು ಜಾನ್ ಲೂಯಿಸ್‌ನ ನಾಟಿಂಗ್‌ಹ್ಯಾಮ್ ಅಂಗಡಿಯಲ್ಲೇ ದುಡಿದವರು. ನಾಟಿಂಗ್‌ಹ್ಯಾಮ್‌ನ ಹಳಬರು ಅದನ್ನು ಈಗಲೂ 'ಜೆಸಪ್ಸ್' ಅಂತಲೇ ಕರೆಯುತ್ತಾರೆ. ಜಾನ್ ಲೂಯಿಸ್‌ನವರು ಅದನ್ನು ಕೊಂಡದ್ದು 1933ರಲ್ಲಿ, ಆದರೆ ಹಳೆಯ ಹೆಸರು ಬದಲಾದದ್ದು 2002ರಲ್ಲಿ. ಅಜ್ಜಿ ಕೆಲಸಕ್ಕಿದ್ದಾಗ ಅದು ಕಿಂಗ್ ಸ್ಟ್ರೀಟ್‌ನಲ್ಲಿತ್ತು. ಗುಂಡಿ, ದಾರ, ಲೇಸ್ ಮಾರುವ ವಿಭಾಗ. ಅಲ್ಲಿ ಕೆಲಸಗಾರರನ್ನು 'ಪಾರ್ಟ್‌ನರ್' ಅನ್ನುತ್ತಾರೆ, ಆಗ ಲಾಭದಲ್ಲಿ ಪಾಲನ್ನೂ ಕೊಡುತ್ತಿದ್ದರು. ಅದು ಅಜ್ಜಿಗೆ ಇವತ್ತಿಗೂ ಹೆಮ್ಮೆ. "ನಮ್ಮವರು ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡು ಡಕ್" ಅಂದರು ಕಣ್ಣೊರೆಸಿಕೊಳ್ಳುತ್ತಾ. ಆ ಭಾಗದಲ್ಲಿ ಪ್ರೀತಿಯಿಂದ ಎಲ್ಲರನ್ನೂ ಹಾಗೇ ಕರೆಯುತ್ತಾರೆ, ಬಾತುಕೋಳಿ ಅಂತ.

"ಚೆನ್ನಾಗಿ ಏನು ಬಂತು ಮಣ್ಣು!"

ಮೂಲೆಯ ಕುರ್ಚಿಯಿಂದ ಗಣಿ ಅಜ್ಜನ ದನಿ. ಗೆಡ್ಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿದವರು. ಆ ಗಣಿ 1991ರಲ್ಲಿ ಮುಚ್ಚಿತು. ಹಿಂದಿನ ದಿನವಷ್ಟೇ ಯುದ್ಧದಲ್ಲಿ ಸತ್ತವರನ್ನು ನೆನೆಯುವ ಭಾನುವಾರ. ಅವರ ಸ್ವೆಟರಿನ ಮೇಲೆ ಕಾಗದದ ಕೆಂಪು ಗಸಗಸೆ ಹೂ ಇನ್ನೂ ಇತ್ತು.

"ಮುದುಕ ಒಬ್ಬನೇ ಇದ್ದಾನೆ ಅಂತ ಗೊತ್ತಾಯಿತಲ್ಲ. ಹೋಗಿ ಅವನನ್ನು ಕರಕೊಂಡು ಬನ್ನಿ. ಅದು ಬಿಟ್ಟು ಕೊಳವೆ ಕಳಿಸ್ತಾರಂತೆ ಕೊಳವೆ. ಇನ್ನೂ ದೂರದಿಂದಲೇ ನೋಡ್ತಾ ಕೂತ್ಕೋ ಅಂತ."

ಅಷ್ಟಕ್ಕೇ ಬಿಡಲಿಲ್ಲ. ಈ ಪ್ರಚಾರಕ್ಕೆ ಒಟ್ಟು 70 ಲಕ್ಷ ಪೌಂಡ್ ಖರ್ಚು ಅಂತ ಪತ್ರಿಕೆಯಲ್ಲಿ ಓದಿದ್ದರು. ಅಷ್ಟು ದುಡ್ಡಿಗೆ ಎಷ್ಟು ಜನರನ್ನು ಕೆಲಸಕ್ಕಿಟ್ಟು ಎಷ್ಟು ಮುದುಕರ ಮನೆಗೆ ಕಳಿಸಬಹುದಿತ್ತು ಅಂತ ಕೇಳಿದರು. ಹಿಂದಿನ ವರ್ಷದ ಸಿಟ್ಟೂ ಅದಕ್ಕೆ ಸೇರಿಕೊಂಡಿತು. 2014ರಲ್ಲಿ ಸೇನ್ಸ್‌ಬರೀಸ್ ಅಂಗಡಿ 1914ರ ಕ್ರಿಸ್ಮಸ್ ಕದನವಿರಾಮವನ್ನು ಜಾಹೀರಾತು ಮಾಡಿತ್ತು. ಇಂಗ್ಲಿಷ್ ಮತ್ತು ಜರ್ಮನ್ ಸೈನಿಕರು ಕಂದಕಗಳಿಂದ ಮೇಲೆ ಬಂದು ಕೈ ಕುಲುಕಿ ಚೆಂಡಾಡುತ್ತಾರೆ. ಕೊನೆಗೆ ಜರ್ಮನ್ ಹುಡುಗನ ಕೋಟಿನ ಜೇಬಿನಲ್ಲಿ ಒಂದು ಚಾಕೊಲೇಟ್ ಸಿಗುತ್ತದೆ. ಅದೇ ಚಾಕೊಲೇಟ್ ಅಂಗಡಿಯಲ್ಲಿ 1 ಪೌಂಡಿಗೆ ಮಾರಾಟಕ್ಕಿತ್ತು. ಲಾಭವೆಲ್ಲ ಮಾಜಿ ಸೈನಿಕರ ಸಂಸ್ಥೆಯಾದ ರಾಯಲ್ ಬ್ರಿಟಿಷ್ ಲೀಜನ್‌ಗೆ. ಆದರೂ ನೂರಾರು ಜನ ದೂರು ಕೊಟ್ಟಿದ್ದರು.

"ನಮ್ಮಪ್ಪ ಆ ಕಂದಕದಲ್ಲಿದ್ದವನು" ಅಂದರು ಅಜ್ಜ. "ಸಾಯುವವರೆಗೂ ಮನೆಯಲ್ಲಿ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಇವರಿಗೆ ಅದು ಚಾಕೊಲೇಟ್ ಮಾರೋಕೆ ಬೇಕಾಯಿತು."

"ಆ ದುಡ್ಡು ಸೈನಿಕರಿಗೇ ಹೋಯಿತಲ್ಲ" ಅಂದರು ಜೆಸಪ್ಸ್ ಅಜ್ಜಿ. "ನನ್ನ ಮೊಮ್ಮಗನಿಗೆ ಅದನ್ನು ನೋಡಿದ ಮೇಲೇ ಆ ಯುದ್ಧ ಅಂತ ಒಂದಿತ್ತು ಅಂತ ಗೊತ್ತಾಗಿದ್ದು. ಅದು ಕೆಟ್ಟದ್ದಾ?"

ನಿವೃತ್ತ ಟೀಚರ್ ಒಬ್ಬರು ಇದ್ದರು. ಅವರದು ಇನ್ನೊಂದು ವಾದ. ಎಲ್ಲವೂ ಮಾರಾಟಕ್ಕೇ ಇರುವುದು, ಇದರಲ್ಲಿ ಅಳೋದೂ ಬೇಡ, ಸಿಟ್ಟೂ ಬೇಡ. ಹಾಡು ಮಾತ್ರ ಚೆನ್ನಾಗಿದೆ, ಅಷ್ಟೇ. ಅದಕ್ಕೆ ಇಬ್ಬರೂ ಒಟ್ಟಾಗಿ ಅವರ ಮೇಲೆ ಹೋದರು.

ಇಷ್ಟು ಹೊತ್ತೂ ಟಿವಿಗೆ ಹತ್ತಿರದ ಕುರ್ಚಿಯ ಅಜ್ಜಿ ಏನೂ ಮಾತಾಡಿರಲಿಲ್ಲ. ಅವರಿಗೆ ಮರೆವಿನ ಕಾಯಿಲೆ. ಮಗಳ ಹೆಸರೂ ಕೆಲವು ದಿನ ನೆನಪಿರುತ್ತಿರಲಿಲ್ಲ. ಆದರೆ ಹುಡುಗಿ ಚಂದ್ರನ ಕಡೆ ಕೈ ಬೀಸಿದಾಗ ಅವರು ಮಡಿಲಿನಿಂದ ಕೈ ಎತ್ತಿ ತಾವೂ ಬೀಸಿದ್ದನ್ನು ನಾನು ನೋಡಿದೆ. ಎಂಟೂವರೆಗೆ ಧಾರಾವಾಹಿಯ ಇನ್ನೊಂದು ಕಂತು. ಅದರ ನಡುವೆ ಅದೇ ಜಾಹೀರಾತು ಮತ್ತೆ ಬಂತು. ಮತ್ತೆ ಕೈ ಎತ್ತಿದರು. ಪ್ರತಿ ಸಲವೂ ಅವರಿಗೆ ಅದು ಮೊದಲ ಸಲ.

ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕೇಳಿದ ಮೊದಲ ಜಗಳ ಅದು. ಹಾರ್ಲಿಕ್ಸ್ ಆರಿಹೋಯಿತು. ಒಂಬತ್ತಕ್ಕೇ ಮಲಗಲು ಹೋಗುವವರು ಒಂಬತ್ತೂವರೆಯಾದರೂ ಏಳಲಿಲ್ಲ. ಕಂದಕದಲ್ಲಿದ್ದ ಅಪ್ಪನ ಬಗ್ಗೆ ಅಜ್ಜ ಹೇಳಿದ್ದು ಆವತ್ತೇ ಮೊದಲು. ಒಂದೇ ಊರಿನಲ್ಲಿ ಹುಟ್ಟಿ ಬೆಳೆದ ಅವರಿಬ್ಬರಿಗೆ, ಎಷ್ಟೋ ತಿಂಗಳು ಹತ್ತು ಅಡಿ ದೂರದಲ್ಲಿ ಕೂತಿದ್ದರೂ, ಅಜ್ಜನ ಮದುವೆಯ ಲೇಸ್ ಬಂದದ್ದು ಅಜ್ಜಿಯ ವಿಭಾಗದಿಂದಲೇ ಅಂತ ಗೊತ್ತಾದದ್ದೂ ಆವತ್ತೇ.

ಆಮೇಲೆ ಇಷ್ಟು ವರ್ಷಗಳಲ್ಲಿ ಇಂಥ ಜಗಳ ಬಹಳ ನೋಡಿದ್ದೇನೆ. ಕೆಲವು ದೂರುಗಳು ಸರಿ ಅನಿಸುತ್ತವೆ. 2012ರಲ್ಲಿ ಆಸ್ಡಾ ಅಂಗಡಿಯ ಜಾಹೀರಾತಿನಲ್ಲಿ ಅಮ್ಮ ಒಬ್ಬಳೇ ಮರ ತಂದು, ಅಡುಗೆ ಮಾಡಿ, ಪಾತ್ರೆ ತೊಳೆದು ಸುಸ್ತಾಗುತ್ತಾಳೆ, ಉಳಿದವರು ಕೂತು ಉಣ್ಣುತ್ತಾರೆ. ಆರುನೂರಕ್ಕೂ ಹೆಚ್ಚು ದೂರು ಹೋದವು. ನಾನು ಅಲ್ಲಿದ್ದಿದ್ದರೆ ನಾನೂ ಕೊಡುತ್ತಿದ್ದೆ. 2021ರಲ್ಲಿ ಟೆಸ್ಕೋದವರು ಸಾಂತಾ ಕ್ಲಾಸ್ ಕೈಗೆ ಲಸಿಕೆಯ ಪ್ರಮಾಣಪತ್ರ ಕೊಟ್ಟದ್ದಕ್ಕೆ 5,000ಕ್ಕೂ ಹೆಚ್ಚು ದೂರು ಬಂದವು. ಕೋವಿಡ್‌ನಲ್ಲಿ ನಮ್ಮ ಖಾಲಿ ಕುರ್ಚಿಗಳನ್ನು ನೋಡಿದ ನನಗೆ ಅದು ಸ್ವಲ್ಪವೂ ಅರ್ಥವಾಗಲಿಲ್ಲ. ಎಲ್ಲಕ್ಕಿಂತ ನೋವಾದದ್ದು 2020ರಲ್ಲಿ. ಸೇನ್ಸ್‌ಬರೀಸ್ ಜಾಹೀರಾತಿನಲ್ಲಿ ಒಬ್ಬ ಕಪ್ಪು ತಂದೆ ಫೋನಿನಲ್ಲಿ ಮಗಳಿಗೆ ತನ್ನ ಗ್ರೇವಿಯ ಹಾಡು ಹೇಳುತ್ತಾನೆ, ಅಷ್ಟೇ. ಇದು ನಮ್ಮ ಇಂಗ್ಲೆಂಡ್ ಅಲ್ಲ ಅಂತ ಎಷ್ಟೋ ಜನ ಬರೆದರು. ಆಗ ಬೇರೆ ದೊಡ್ಡ ಅಂಗಡಿಗಳೂ ಜೊತೆಗೆ ನಿಂತು, ಚಾನೆಲ್ 4ರಲ್ಲಿ ತಮ್ಮ ಜಾಹೀರಾತುಗಳನ್ನು ಒಟ್ಟಿಗೆ ಹಾಕಿ ಜನಾಂಗದ್ವೇಷದ ವಿರುದ್ಧ ದನಿ ಎತ್ತಿದವು. ಅವತ್ತು ನಾನು ಮಾಸ್ಕ್ ಹಾಕಿಕೊಂಡು ಅದೇ ಟಿವಿ ಕೋಣೆಯಲ್ಲಿ ನಿಂತಿದ್ದೆ. ನೂರು ಜನ ಬೈದದ್ದು ಮರೆಯಲು ಆ ಕೆಲವು ನಿಮಿಷ ಸಾಲದು. ಆದರೂ ಅದು ನನಗೆ ಬೇಕಿತ್ತು.

ಆ ಸೋಮವಾರಕ್ಕೆ ವಾಪಸ್ ಬರುತ್ತೇನೆ. ಎಲ್ಲರನ್ನೂ ಮಲಗಿಸಿ, ಬಸ್ ಹಿಡಿದು ಮನೆ ಸೇರಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಅಂದರೆ ಊರಿನಲ್ಲಿ ಬೆಳಗಿನ ಜಾವ ನಾಲ್ಕು ಇಪ್ಪತ್ತು. ನರಕ ಚತುರ್ದಶಿ. ಅಮ್ಮ ಎದ್ದು ಹಂಡೆಗೆ ಬೆಂಕಿ ಹಾಕಿರುತ್ತಾಳೆ ಅಂತ ಗೊತ್ತಿತ್ತು. ಫೋನ್ ಮಾಡಿದೆ. ಒಲೆಯ ಕಟ್ಟಿಗೆ ಚಟಚಟ ಅನ್ನುವುದು ಕೇಳಿಸಿತು.

ಜಾಹೀರಾತನ್ನು ಕಳಿಸಿದರೆ ಅಲ್ಲಿನ ನೆಟ್‌ವರ್ಕಿಗೆ ಅದು ತೆರೆದುಕೊಳ್ಳುವುದಿಲ್ಲ. ಹಾಗಾಗಿ ಬಾಯಲ್ಲೇ ಕಥೆ ಹೇಳಿದೆ. ನಮಗೆ ಚಂದ್ರನಲ್ಲಿ ಮೊಲ ಕಾಣುತ್ತದೆ, ಇಲ್ಲಿನವರಿಗೆ ಮನುಷ್ಯನ ಮುಖ ಕಾಣುತ್ತದೆ, ಅಲ್ಲಿಂದ ಶುರು ಮಾಡಿದೆ. ಗುಡಿಸಲು, ಅಜ್ಜ, ಹುಡುಗಿ, ಬಲೂನು. ಅಮ್ಮ ನಡುನಡುವೆ "ಹ್ಞೂಂ" ಅನ್ನುತ್ತಿದ್ದಳು. ಗಣಿ ಅಜ್ಜ ಸಿಟ್ಟಾದದ್ದನ್ನೂ ಹೇಳಿದೆ, ಜೆಸಪ್ಸ್ ಅಜ್ಜಿ ಅತ್ತದ್ದನ್ನೂ ಹೇಳಿದೆ. ಯಾರದು ಸರಿ ಅಂತ ಕೇಳಿದೆ.

ಅಮ್ಮ ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹಬ್ಬದ ದಿನ ಆ ಅಜ್ಜನ ತಲೆಗೆ ಎಣ್ಣೆ ಹಚ್ಚುವವರು ಯಾರೇ?" ಅಂದಳು.

ಅವಳ ಕೈಯಲ್ಲಿ ಆಗ ಎಣ್ಣೆ ಬಟ್ಟಲು ಇತ್ತು. ಅಣ್ಣನ ಮಕ್ಕಳು ಸಾಲಾಗಿ ಕೂತಿದ್ದವು. ನನಗೆ ಆ ಕ್ಷಣ ಊರಿಗೆ ಹೋಗಿಬಿಡಬೇಕು ಅನಿಸಿದಷ್ಟು ಬೇರೆ ಯಾವತ್ತೂ ಅನಿಸಿಲ್ಲ.

ಮಂಗಳವಾರವೂ ನನ್ನದು ಮಧ್ಯಾಹ್ನದ ಶಿಫ್ಟೇ. ಸಂಜೆ ಟಿವಿ ಕೋಣೆಗೆ ಹೋದರೆ ಎರಡು ಕುರ್ಚಿಗಳು ಗೋಡೆ ಬಿಟ್ಟು ಸ್ವಲ್ಪ ಒಳಗೆ ಬಂದಿದ್ದವು. ಗಣಿ ಅಜ್ಜನೇ ಯಾರಿಗೋ ಹೇಳಿ ಎಳೆಸಿಕೊಂಡಿದ್ದರಂತೆ, ಅಜ್ಜಿಯ ಮಾತು ಕೇಳಿಸಲಿ ಅಂತ. ವಾದ ಇನ್ನೂ ಮುಗಿದಿರಲಿಲ್ಲ. ನನ್ನನ್ನು ನೋಡಿ, "ನಿನಗೇನನಿಸಿತು, ಅದು ಹೇಳಲೇ ಇಲ್ಲವಲ್ಲ" ಅಂದರು.

ನನಗೆ ಅಳು ಬಂತು ಅಂದೆ. ನೀವು ಹೇಳಿದ್ದೂ ನಿಜ ಅಂದೆ. ಆಮೇಲೆ ಅಮ್ಮ ಕೇಳಿದ್ದನ್ನು ಹೇಳಿದೆ. ನಮ್ಮ ಹಬ್ಬದ ಬೆಳಗ್ಗೆ ಮನೆಯ ಹಿರಿಯರು ಎಲ್ಲರ ತಲೆಗೂ ಎಣ್ಣೆ ಹಚ್ಚುತ್ತಾರೆ, ಆಮೇಲೆ ಬಿಸಿನೀರಿನ ಸ್ನಾನ, ಅದಕ್ಕೇ ಅಮ್ಮ ಹಾಗೆ ಕೇಳಿದ್ದು ಅಂತ ವಿವರಿಸಿದೆ.

ಅಜ್ಜ ಟಿವಿ ಕಡೆ ನೋಡುತ್ತಲೇ ಇದ್ದರು. ಕೈ ಮಾತ್ರ ಮೇಲೆ ಹೋಗಿ, ಉಳಿದ ನಾಲ್ಕು ಬಿಳಿ ಕೂದಲನ್ನು ಹಿಂದಕ್ಕೆ ಸವರಿತು.

"ನನ್ನ ಹೆಂಡತಿ ಬ್ರಿಲ್‌ಕ್ರೀಮ್ ಹಚ್ಚುತ್ತಿದ್ದಳು" ಅಂದರು. "ಪ್ರತಿ ಶನಿವಾರ ಸಂಜೆ. ಡಾನ್ಸ್‌ಗೆ ಹೊರಡುವ ಮುಂಚೆ."

"ಯಾವ ಹಾಲ್‌ಗೆ ಹೋಗ್ತಿದ್ರಿ?" ಅಂತ ಅಜ್ಜಿ ಕೇಳಿದರು. ನಾನು ಟಿವಿಯ ದನಿ ಕಡಿಮೆ ಮಾಡಿ ಅವರಿಬ್ಬರ ನಡುವೆ ಒಂದು ಸ್ಟೂಲ್ ಎಳೆದುಕೊಂಡೆ.