ಬಳಿ ಅಮ್ಮನದು, ದೋಷ ಯಾರ ಕಡೆಯದೂ ಆಗಬಹುದು

ಕಾಪು ಕಡೆಯ ಆ ಮನೆಯವರು ಮಂಗಳೂರಿನ ಜೆನೆಟಿಕ್ ಕೌನ್ಸೆಲಿಂಗ್ ಕೋಣೆಗೆ ಬಂದದ್ದು ನಾಲ್ಕು ಜನ. ಕಾಯಿಲೆ 46ರ ಹೆಂಗಸಿಗೆ, ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಗ್ರಾಹಕ, ಹರ್2 ಯಾವುದೂ ಇಲ್ಲದ ಬಗೆಯ) ಸ್ತನ ಕ್ಯಾನ್ಸರ್. ಮಾತು ಪೂರಾ ಗಂಡನದ್ದು, ಅಣ್ಣನದ್ದು. 23ರ ಮಗಳು ಬಾಗಿಲ ಹತ್ತಿರ ಕೂತಿದ್ದಳು.

ಜೀನ್ ಪರೀಕ್ಷೆಗೆ ರಕ್ತ ತೆಗೆಯುವ ಮೊದಲು ಮೂರು ತಲೆಮಾರಿನ ನಕ್ಷೆ ಬರೆಯಬೇಕು: ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿಗೆ. ಅಳಿಯಕಟ್ಟಿನ, ಅಂದರೆ ಬಳಿ (ವಂಶ) ತಾಯಿಯ ಕಡೆಯಿಂದ ಎಣಿಸುವ ಮನೆಗಳಲ್ಲಿ ಅಮ್ಮನ ಕಡೆಯದ್ದು ಬೇಗ ತುಂಬುತ್ತದೆ, ಎಲ್ಲರೂ ಕುಟುಂಬದ ಮನೆಯ ದೈವದ ನೇಮಕ್ಕೆ ಸೇರುವವರೇ. ಅಪ್ಪನ ಕಡೆ ಖಾಲಿ. ಬಿಆರ್‌ಸಿಎ ಜೀನಿನ ದೋಷ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ; ಅದು ಬಳಿ ನೋಡಿ ಬರುವುದಿಲ್ಲವಲ್ಲ. ತಂದೆಯಲ್ಲಿದ್ದರೂ ತಾಯಿಯಲ್ಲಿದ್ದರೂ ಪ್ರತಿ ಮಗುವಿಗೆ ದಾಟುವ ಸಾಧ್ಯತೆ ಶೇಕಡಾ 50. ಅಪ್ಪನ ತಂಗಿ ಎಂತದ್ರಲ್ಲಿ ಹೋದದ್ದು ಎಂದು ಕೆದಕಿದ ಮೇಲೆ ಅಣ್ಣ "ಹೊಟ್ಟೆಯಲ್ಲಿ ಗಡ್ಡೆ" ಎಂದರು. ಅಂಡಾಶಯದ ಕ್ಯಾನ್ಸರೂ ಹೀಗೆ ಅಡಗಿರುತ್ತದೆ. ಹಳೆಯ ಬಯಾಪ್ಸಿ ಚೀಟಿ ಹುಡುಕಿಸಲೇಬೇಕು.

"ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ ಮೇಡಂ. ಮದುವೆ ಆಗ್ಲಿ, ಮತ್ತೆ ನೋಡುವ" ಎಂದರು ಗಂಡ. ಇದನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ದೋಷ ಇದ್ದವರಿಗೂ ಸ್ತನದ ಎಂಆರ್‌ಐ ತಪಾಸಣೆ ಶುರುವಾಗುವುದು ಸಾಮಾನ್ಯವಾಗಿ 25ಕ್ಕೆ. ಮೇಲಾಗಿ ಮೊದಲು ಪರೀಕ್ಷೆ ಆಗಬೇಕಾದದ್ದು ತಾಯಿಗೆ: ಅವರಲ್ಲಿ ದೋಷ ಯಾವುದೆಂದು ತಿಳಿಯದೆ ಮಗಳ 'ನೆಗೆಟಿವ್' ವರದಿಯನ್ನು ನಂಬುವಂತಿಲ್ಲ. ತಾಯಿಯದ್ದು ಸಿಕ್ಕರೆ ಉಳಿದವರಿಗೆ ಆ ಒಂದು ಜಾಗ ನೋಡಿದರೆ ಸಾಕು, ಖರ್ಚೂ ಬಹಳ ಕಡಿಮೆ.

ಅಣ್ಣನ ಪ್ರಶ್ನೆ ಬೇರೆ. "ನಮಗೆ ಗಂಡಸರಿಗೆ ಎಂತಕ್ಕೆ?" ಅವರಿಗೆ ಇಬ್ಬರು ಹೆಣ್ಣುಮಕ್ಕಳು. ತಂಗಿಯ ಮಗಳ ಮದುವೆಯಲ್ಲಿ ಮಾವನ ಮಾತು ನಡೆಯುತ್ತದೆ, ತನ್ನ ರಕ್ತದ ವಿಷಯಕ್ಕೆ ಬಂದಾಗ ಹಿಂದೆ ಸರಿಯುತ್ತಾರೆ. ನಕ್ಷೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ; ಅವರ ಚೌಕದ ಕೆಳಗೆ ಎರಡು ವೃತ್ತ ಎಳೆದು ತೋರಿಸಿದ ಮೇಲೆ ಸುಮ್ಮನಾದರು.

ಒಪ್ಪಿಗೆ ಪತ್ರಕ್ಕೆ ಗಂಡ ಪೆನ್ನು ತೆಗೆದರು. ಸಹಿ ಪರೀಕ್ಷೆ ಮಾಡಿಸಿಕೊಳ್ಳುವವರದ್ದೇ ಆಗಬೇಕು. ಉಳಿದವರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸುವ ಕ್ರಮವನ್ನು ಯಾವ ಗಡಿಬಿಡಿಯಲ್ಲೂ ಬಿಡಬಾರದು. ಆಗಲೇ ಆ ಹೆಂಗಸು ಕೇಳಿದ್ದು: "ಮುಂಬೈಯ ಅಕ್ಕನಿಗೆ 50 ಆಯ್ತು. ಅವಳಿಗೂ ಉಂಟಾ?" ಇಡೀ ಮನೆಯಲ್ಲಿ ಅವಸರ ಇದ್ದದ್ದು ಆ ಅಕ್ಕನಿಗೆ. ಬಿಆರ್‌ಸಿಎ1 ದೋಷ ಇದ್ದರೆ 35ರಿಂದ 40ರೊಳಗೇ ಅಂಡಾಶಯ, ಅಂಡನಾಳ ತೆಗೆಸಲು ಹೇಳುತ್ತಾರೆ.

ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬಿಗೆ 4 ಮಿಲಿ ರಕ್ತ. ವರದಿಗೆ ಮೂರ್ನಾಲ್ಕು ವಾರ. 'ಅರ್ಥ ಖಚಿತವಿಲ್ಲದ ಬದಲಾವಣೆ' ಎಂದು ಬಂದರೆ ಅದನ್ನೇ ನಂಬಿ ಆಪರೇಷನ್ ಮಾಡಿಸಬಾರದೆಂದು ಅಂದೇ ಹೇಳಿಟ್ಟೆವು. ವರದಿ ಯಾರಿಗೆ ತಿಳಿಸಬಹುದು ಎಂಬ ಸಾಲಿನಲ್ಲಿ ಅವರು ಅಕ್ಕನ ಹೆಸರು, ನಂಬರು ಬರೆದರು.