ಗುಡ್ನಾಪುರ ಕೆರೆದಂಡೆಯಲ್ಲಿ ಒಂದು ಸೋಮಾರಿ ದಿನ

ಶಿರಸಿಗೆ ಬಂದವರು ಸಹಸ್ರಲಿಂಗ, ಯಾಣ, ಬನವಾಸಿ ಮೂರನ್ನೂ ಒಂದೇ ದಿನಕ್ಕೆ ಮುಗಿಸುವ ಲೆಕ್ಕ ಹಾಕುತ್ತಾರೆ. ನಾವೂ ಹಿಂದೊಮ್ಮೆ ಹಾಗೇ ಓಡಿದ್ದೆವು. ಈಗ ನೆನಪಿರುವುದು ಕಾರಿನ ಸೀಟು ಮಾತ್ರ. ಹಾಗಾಗಿ ಈ ಡಿಸೆಂಬರಿನಲ್ಲಿ ನಾಲ್ವರು ಗೆಳೆಯರು ಸೇರಿ ಒಂದೇ ಒಂದು ಕೆರೆಗೆ ಹೋದೆವು.

ಗುಡ್ನಾಪುರ ಇರುವುದು ಬನವಾಸಿ ಕಡೆ. ಶಿರಸಿಯಿಂದ ಬನವಾಸಿಗೆ ಸುಮಾರು 23 ಕಿ.ಮೀ. ಕೆರೆ ಅದಕ್ಕಿಂತ ನಾಲ್ಕೈದು ಕಿ.ಮೀ. ಈಚೆ. ಬೈಕ್ ಇದ್ದರೆ ಅನುಕೂಲ. ಬಸ್ಸಿಗೆ ಹೋಗುವವರು ವಾಪಸ್ ಬಸ್ಸು ಎಷ್ಟೊತ್ತಿಗೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

ಬೆಳಿಗ್ಗೆ ಎಂಟರ ಒಳಗೇ ಅಲ್ಲಿರಿ. ನಾವು ಹೋದಾಗ ನೀರಿನ ಮೇಲೆ ಇನ್ನೂ ಮಂಜಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಚಾಪೆ ತರುವ ಜವಾಬ್ದಾರಿ ಹೊತ್ತವನು ಅದನ್ನು ಮನೆ ಜಗಲಿಯಲ್ಲೇ ಬಿಟ್ಟು ಬಂದಿದ್ದ. ಇಬ್ಬನಿ ಹುಲ್ಲಿನ ಮೇಲೆ ಕೂತು ಎಲ್ಲರ ಪ್ಯಾಂಟೂ ಒದ್ದೆ. ಬಿಸಿಲು ಏರುವವರೆಗೂ ಅವನಿಗೆ ಬೈಗುಳ ತಪ್ಪಲಿಲ್ಲ. ಚಾಪೆ ಮರೆಯಬೇಡಿ.

ಮಂಜು ಸರಿದ ಮೇಲೆ ಒಣಗಿದ ಬೊಡ್ಡೆಯೊಂದರ ಮೇಲೆ ನೀರುಕಾಗೆ ಕಂಡಿತು. ಮುಳುಗಿ ಎದ್ದು ಬಂದು, ಎರಡೂ ರೆಕ್ಕೆ ಬಿಚ್ಚಿ, ತಂತಿಗೆ ಹಾಕಿದ ಕರಿ ಕೊಡೆಯ ಹಾಗೆ ನಿಂತುಬಿಟ್ಟಿತು. ಆಗಾಗ ಕತ್ತು ಮಾತ್ರ ಆಚೀಚೆ. ನಾವು ಅದನ್ನೇ ಅರ್ಧ ಗಂಟೆ ನೋಡಿದೆವು. ಫೋಟೋ ತೆಗೆಯಲು ಒಬ್ಬ ಹತ್ತಿರ ಹೋದ, ಅದು ಹಾರಿಹೋಯಿತು. ಬೈನಾಕ್ಯುಲರ್ ಇದ್ದರೆ ತನ್ನಿ, ಮೊಬೈಲಿನಲ್ಲಿ ಹಕ್ಕಿ ಬರೀ ಚುಕ್ಕೆ.

ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ನಮ್ಮ ಬುತ್ತಿಯಲ್ಲಿ ತೆಳ್ಳೇವು ಅನ್ನುವ ತೆಳು ದೋಸೆ, ಜೋನಿಬೆಲ್ಲ (ನೀರುಬೆಲ್ಲ), ಚಿತ್ರಾನ್ನ, ಮಿಡಿ ಉಪ್ಪಿನಕಾಯಿ ಇತ್ತು. ಬಾಟಲಿಯಲ್ಲಿ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತಿಳಿಸಾರು. ಅದನ್ನು ಕುಡಿದು ಮರದಡಿ ಮಲಗಿದರೆ ನಿದ್ದೆಗೆ ಬೇರೆ ಕಾರಣ ಬೇಕಾ? ಬಾಳೆಎಲೆ ತಂದಿದ್ದರಿಂದ ತಟ್ಟೆ ತೊಳೆಯುವ ಕೆಲಸ ಇರಲಿಲ್ಲ. ಕುಡಿಯುವ ನೀರು ಜಾಸ್ತಿಯೇ ಇರಲಿ. ಪ್ಲಾಸ್ಟಿಕ್ ಏನಿದ್ದರೂ ವಾಪಸ್ ಚೀಲಕ್ಕೆ. ಈಜುವ ಆಸೆ ಮಾತ್ರ ಬೇಡ. ಆಳ ಗೊತ್ತಿಲ್ಲದ ಕೆರೆ, ಕೆಳಗೆ ಕೆಸರು. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ ಬೇರೆ.

ಅಂದಹಾಗೆ, ಇಲ್ಲಿ ಕದಂಬ ರಾಜ ರವಿವರ್ಮನ ಕಂಬದ ಶಾಸನ ಸಿಕ್ಕಿದೆ. ಅವನು ಕಟ್ಟಿಸಿದ ಕಾಮಜಿನಾಲಯ ಎಂಬ ಗುಡಿ, ವಸಂತೋತ್ಸವದ ಮಾತೆಲ್ಲ ಅದರಲ್ಲಿದೆಯಂತೆ. ಸುಮಾರು 1500 ವರ್ಷದ ಹಿಂದೆಯೂ ಜನ ಈ ಊರಿಗೆ ಖುಷಿಪಡಲೇ ಬರುತ್ತಿದ್ದರು ಅಂತ ನಮ್ಮ ವಾದ.

ನಾಲ್ಕು ಗಂಟೆಗೆ ಎದ್ದು ಬನವಾಸಿಗೆ ಹೋದೆವು. ಮಧುಕೇಶ್ವರ ದೇವಸ್ಥಾನಕ್ಕೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಸೋದೆ ಅರಸರು ಕೊಟ್ಟ ಕಲ್ಲಿನ ಮಂಚದ ಕೆತ್ತನೆ ನೋಡಲೇಬೇಕು. ಅಲ್ಲಿಯ ದೊಡ್ಡ ನಂದಿಯ ಒಂದು ಕಣ್ಣು ಶಿವನ ಮೇಲೆ, ಇನ್ನೊಂದು ಪಾರ್ವತಿಯ ಮೇಲೆ ಅನ್ನುತ್ತಾರೆ. ಚಾಪೆ ಮರೆತವನು ಅದರ ಎದುರು ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿ ನೋಡಿದ. "ಎಂತ ಮಾರಾಯ, ನನ್ನನ್ನೇ ನೋಡ್ತಾ ಇದೆಯಲ್ಲ" ಅಂದ.