ತೋಳಲ್ಲಿ ಇಲಿ, ಕಾಲಲ್ಲಿ ಮೀನು

ಬೆಳಿಗ್ಗೆ ದುರ್ಗದ ಕೋಟೆ ಹತ್ತಿದ್ದೆವು. ಗೋಪಾಲಸ್ವಾಮಿ ಹೊಂಡದ ಹತ್ತಿರ ಸುಮ್ನೆ ಕೂತಿದ್ದಾಗ ಅಕ್ಕನ ಮಗ ತೋಳು ಮಡಚಿ, "ಮಾಮಾ, ಮಸಲ್ ನೋಡು" ಅಂದ.

ನಿಂಬೆಕಾಯಿಯಷ್ಟು ಉಬ್ಬಿತು. ಕೈ ಚಾಚಿದರೆ ಮಾಯ.

"ಮಸಲ್ ಅಂದ್ರೆ ಇಲಿಮರಿ ಕಣೋ" ಅಂದೆ. ನಂಬಲೇ ಇಲ್ಲ.

ನಿಜ. ಲ್ಯಾಟಿನ್‌ನ 'ಮುಸ್ಕುಲುಸ್'ನಿಂದ ಬಂದ ಪದ, ಅರ್ಥ ಪುಟ್ಟ ಇಲಿ. ಚರ್ಮದ ಕೆಳಗೆ ಇಲಿ ಸರಿದಾಡಿದ ಹಾಗೆ ಕಂಡಿರಬೇಕು ಅವರಿಗೆ. ಆಮೇಲೆ ಅವನದ್ದು ಒಂದೇ ಕೆಲಸ. ತೋಳು ಮಡಚೋದು, ಇನ್ನೊಂದು ಕೈಯಲ್ಲಿ ಗಬಕ್ಕನೆ ಇಲಿ ಹಿಡಿಯೋದು.

ಇಳಿಯುವಾಗ ನನ್ನ ಮೀನಖಂಡ ಹಿಡ್ಕೊಂಡಿತು. ಮೀನಖಂಡ! ನಮ್ಮವರಿಗೆ ಅಲ್ಲಿ ಮೀನು ಕಂಡಿದೆ, ಅಲ್ವಾ?

ಈಗ ಕೊಬ್ಬರಿ ಎಣ್ಣೆ ಹಚ್ಚಿ ಕೂತಿದ್ದೀನಿ. ಮೀನು ಇನ್ನೂ ಒದ್ದಾಡ್ತಿದೆ.